ಹಿಮ್ಮಡಿಯ ಒಂದು ಹನಿ ನೆತ್ತರು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿವಸ ನಾಡು ನುಡಿಗಳ ಮಾತನ್ನು ಬಿಟ್ಟು ರೋಗರುಜಿನಗಳ ಮಾತನ್ನು ಎತ್ತುವುದು ಉಚಿತವೇ ಎಂದು ಕಾರ್ಯಕಾರಿ ಸಮಿತಿಯ ಒಬ್ಬಿಬ್ಬರು ಮಿತ್ರರು ನಮ್ಮನ್ನು ಕೇಳಿದರು. ಪ್ರಶ್ನೆ ಸರಿಯಾದದ್ದೆ. ಆದರೆ ಪುಣೆಗೆ ಬಂದು ನೆಲಸಿರುವ ನಾವೆಲ್ಲ ಊರಿನಿಂದ ಏನೇನನ್ನು ಹೊತ್ತು ತಂದೆವು ಎಂಬುದನ್ನು ಒಮ್ಮೆ ನೆನೆಯೋಣ. ಧಾರವಾಡ, ವಿಜಾಪುರಗಳ ಕಡೆಯವರು ಜೋಳದ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ತಂದರು. ಉಡುಪಿ, ಕುಂದಾಪುರದವರು ಹೊಟೇಲುಗಳನ್ನು ತೆರೆದು ಈ ಊರಿಗೆ ಇಡ್ಲಿ ದೋಸೆಗಳ ರುಚಿ ಹತ್ತಿಸಿದರು. ಮಾತನ್ನು ಎಲ್ಲರೂ ತಂದೆವು. ಇವೆಲ್ಲ ಕಣ್ಣಿಗೆ ಕಾಣುವ ಗಂಟುಗಳು. ಕಾಣದ ಗಂಟು ಇನ್ನೊಂದುಂಟು. ಅದು ನಮ್ಮ ತಂದೆತಾಯಿಗಳಿಂದ, ಅವರಿಗೆ ಅವರ ತಂದೆತಾಯಿಗಳಿಂದ, ನೆತ್ತರಿನಲ್ಲಿ ಇಳಿದು ಬಂದದ್ದು. ಅದರಲ್ಲಿ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ಈ ಗಂಟಿನ ಒಂದು ಮೂಲೆಯನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆಲವರು ಬಿಚ್ಚಿ ನೋಡಿದರು. ಆ ಕೆಲಸ ಕನ್ನಡನಾಡಿನ ಮಕ್ಕಳ ಮೇಲೆ ನಡೆದದ್ದು. ಹೀಗಾಗಿ ಈ ದಿನ ಅದನ್ನು ನೆನೆಯುವುದರಲ್ಲಿ ಅನೌಚಿತ್ಯವೇನೂ ಇಲ್ಲವೆಂದು ನಮ್ಮ ನಂಬಿಕೆ.

ಮೊದಲು ವಿಷಯವನ್ನು ತಿಳಿಯಾಗಿಸಿಕೊಳ್ಳೋಣ. ನಾವು ಉಂಡ ಅನ್ನ, ಶಿಶು ಕುಡಿದ ಹಾಲು, ಒಡನೆಯೇ ಮೈಗೂಡುವುದಿಲ್ಲ. ಅದು ಒಡೆದು, ಮಾರ್ಪಟ್ಟು, ಒಂದು ವಸ್ತು ಇನ್ನೊಂದಾಗಿ, ಆ ಇನ್ನೊಂದು ಮತ್ತೊಂದಾಗಿ, ಹತ್ತಾರು ಮೆಟ್ಟಿಲುಗಳನ್ನು ದಾಟಿ ರಕ್ತವೂ ಮಾಂಸವೂ ಶಕ್ತಿಯೂ ಆಗುತ್ತದೆ. ಈ ಒಟ್ಟು ವ್ಯಾಪಾರಕ್ಕೆ ವಿದ್ವಾಂಸರು ಚಯಾಪಚಯವೆಂದು ಹೆಸರಿಟ್ಟಿದ್ದಾರೆ. ಹೆಸರು ನಾಲಿಗೆಗೆ ತೊಡಕಾದರೂ ಸಂಗತಿ ಹೊಟೇಲಿನ ಅಡುಗೆಮನೆಯಷ್ಟು ಸರಳ. ಒಬ್ಬ ಉದ್ದು ನೆನೆಹಾಕುತ್ತಾನೆ, ಒಬ್ಬ ರುಬ್ಬುತ್ತಾನೆ, ಒಬ್ಬ ಕಾವಲಿಯ ಮೇಲೆ ಹುಯ್ಯುತ್ತಾನೆ. ರುಬ್ಬುವವನು ಹೇಳದೆ ಕೇಳದೆ ಊರಿಗೆ ಹೋದನೆನ್ನಿ. ಹೊರಗೆ ಗಿರಾಕಿಗೆ ದೋಸೆಯಿಲ್ಲ. ಒಳಗೆ ನೆನೆದ ಉದ್ದು ಪಾತ್ರೆ ಪಾತ್ರೆಯಾಗಿ ಸೇರಿ, ಹುಳಿತು, ನಾತ ಹೊಡೆಯುತ್ತದೆ. ಬೇಕಾದದ್ದು ಹುಟ್ಟದೆ ಒಂದು ಕಷ್ಟ, ಬೇಡವಾದದ್ದು ಗುಡ್ಡೆ ಬಿದ್ದು ಇನ್ನೊಂದು ಕಷ್ಟ. ನಮ್ಮ ಶರೀರದಲ್ಲಿ ಒಂದೊಂದು ಮೆಟ್ಟಿಲಿಗೂ ಒಂದೊಂದು ಕೆಲಸಗಾರನಿದ್ದಾನೆ. ಅವನಿಗೆ ಕಿಣ್ವವೆಂದು ಹೆಸರು. ಆಸ್ಪತ್ರೆಯವರು ಎನ್‌ಜೈಮ್ ಎನ್ನುತ್ತಾರೆ. ಕೆಲವು ಮಕ್ಕಳು ಒಬ್ಬ ಕೆಲಸಗಾರನಿಲ್ಲದೆಯೇ ಹುಟ್ಟುತ್ತಾರೆ. ಇವೇ ಹುಟ್ಟಿನಿಂದ ಬಂದ ಚಯಾಪಚಯ ದೋಷಗಳು. ಒಂದೊಂದೂ ಬಹಳ ವಿರಳ. ಬಗೆಗಳು ಮಾತ್ರ ನೂರಾರು.

ಇದನ್ನು ಮೊದಲು ಗುರುತಿಸಿದವರು ಲಂಡನ್ನಿನ ವೈದ್ಯರಾದ ಆರ್ಚಿಬಾಲ್ಡ್ ಗ್ಯಾರಡ್. ಕೆಲವು ಶಿಶುಗಳ ಮೂತ್ರ ಗಾಳಿಗೆ ಬಿಟ್ಟರೆ ಕಪ್ಪಾಗುತ್ತಿತ್ತು. ಹಾಸುಬಟ್ಟೆಗಳ ಮೇಲೆ ಮಸಿಯಂತಹ ಕಲೆ ಬೀಳುತ್ತಿತ್ತು. ಅದು ಸೋಂಕೆಂದು ಎಣಿಸಿದವರುಂಟು. ಗ್ಯಾರಡ್ ಅವರು ಮಾತ್ರ ಆ ಮಕ್ಕಳ ತಂದೆತಾಯಿಗಳ ಸಂಬಂಧವೇನೆಂದು ಕೇಳಿದರು. ಅನೇಕರು ಒಡಹುಟ್ಟಿದವರ ಮಕ್ಕಳು, ಎಂದರೆ ಹತ್ತಿರದ ನೆಂಟರು, ಮದುವೆಯಾದವರಾಗಿದ್ದರು. 1902ರಲ್ಲಿ ಅವರು ಈ ಸಂಗತಿಯನ್ನು ಪ್ರಕಟಿಸಿ, ಇದು ವಂಶದಲ್ಲಿ ಹರಿದು ಬರುವ ರಾಸಾಯನಿಕ ಭೇದವೆಂದು ವಾದಿಸಿದರು. 1908ರ ತಮ್ಮ ಉಪನ್ಯಾಸಗಳಲ್ಲಿ ಇಂತಹ ದೋಷಗಳಿಗೆಲ್ಲ ಒಂದು ಹೆಸರನ್ನೂ ಕೊಟ್ಟರು. ಮೆಂಡೆಲನ ಬಟಾಣಿ ಗಿಡಗಳ ಲೆಕ್ಕ ಯೂರೋಪಿನಲ್ಲಿ ಮತ್ತೆ ಬೆಳಕಿಗೆ ಬಂದು 1902ರಲ್ಲಿ ಎರಡೇ ವರ್ಷವಾಗಿತ್ತು. ಒಬ್ಬ ವೈದ್ಯನು ಅದನ್ನು ಮನುಷ್ಯರ ಮನೆಗೆ ಇಷ್ಟು ಬೇಗ ತಂದುದು ಆಶ್ಚರ್ಯ. ಅದಕ್ಕಿಂತ ಆಶ್ಚರ್ಯವೆಂದರೆ ಮುಂದೆ ಬಹುಕಾಲ ವೈದ್ಯರು ಇದನ್ನು ಅಷ್ಟಾಗಿ ಲಕ್ಷಿಸದೆ ಹೋದದ್ದು.

ಮುಂದಿನ ಹೆಜ್ಜೆಯನ್ನು ಇಡಿಸಿದವಳು ಒಬ್ಬ ತಾಯಿ. ನಾರ್ವೆ ದೇಶದ ಆ ತಾಯಿಗೆ ಇಬ್ಬರು ಮಕ್ಕಳು, ಇಬ್ಬರಿಗೂ ಬುದ್ಧಿ ಬೆಳೆಯಲಿಲ್ಲ. ಮಕ್ಕಳ ಮೈಯಿಂದ ಒಂದು ವಿಚಿತ್ರವಾದ ಮುಗ್ಗಲು ವಾಸನೆ ಬರುತ್ತದೆಂದು ಆಕೆ ಕಂಡಕಂಡ ವೈದ್ಯರಿಗೆಲ್ಲ ಹೇಳಿದಳು. ಕೊನೆಗೆ 1934ರಲ್ಲಿ ಆಸ್ಲೋ ನಗರದ ಆಸ್ಬ್ಯೋರ್ನ್ ಫೋಲಿಂಗ್ ಎಂಬುವರು ಆಕೆಯ ಮಾತಿಗೆ ಕಿವಿಗೊಟ್ಟರು. ಅವರು ವೈದ್ಯರೂ ಹೌದು, ರಸಾಯನಶಾಸ್ತ್ರ ಬಲ್ಲವರೂ ಹೌದು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡನ್ನು ಹಾಕಿದಾಗ ಅದು ಕಡು ಹಸುರಾಯಿತು. ಆ ಹಸುರು ಎಲ್ಲಿಂದ ಬಂತೆಂದು ತಿಂಗಳುಗಟ್ಟಲೆ ಹುಡುಕಿದರು. ಬೇಳೆ, ಹಾಲು, ಮಾಂಸ ಮೊದಲಾದವುಗಳ ಸಸಾರಜನಕದಲ್ಲಿ ಫೀನೈಲ್ ಅಲನೀನ್ ಎಂಬ ಒಂದು ವಸ್ತುವಿದೆ. ಅದನ್ನು ಮುಂದಿನ ರೂಪಕ್ಕೆ ತಿರುಗಿಸುವ ಕೆಲಸಗಾರ ಈ ಮಕ್ಕಳಲ್ಲಿರಲಿಲ್ಲ. ಗುಡ್ಡೆ ಬಿದ್ದ ವಸ್ತು ಮಿದುಳನ್ನು ಕೆಡಿಸಿತ್ತು. ಈ ರೋಗಕ್ಕೆ ಈಗ ಫೀನೈಲ್ ಕೀಟೋನೂರಿಯ ಎಂದು ಹೆಸರು. ನಾವು ಚಿಕ್ಕದಾಗಿ ಪಿ.ಕೆ.ಯು. ಎನ್ನೋಣ.

ಆ ಇಬ್ಬರು ಮಕ್ಕಳಿಗೆ ಕಾಲ ಮೀರಿತ್ತು. ಕಾರಣ ತಿಳಿದ ಮೇಲೂ ಹಲವು ವರ್ಷ ಉಪಾಯ ತಿಳಿಯಲಿಲ್ಲ. 1950ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಗೆ ಇನ್ನೊಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ಬಂದಳು. ಹೊರ್ಸ್ಟ್ ಬಿಕಲ್ ಎಂಬ ತರುಣ ವೈದ್ಯರು ರೋಗದ ಹೆಸರನ್ನು ಹೇಳಿ, ಚಿಕಿತ್ಸೆಯಿಲ್ಲವೆಂದರು. ಹೆಸರು ಕಟ್ಟಿಕೊಂಡು ಏನು ಮಾಡಲಿ, ಚಿಕಿತ್ಸೆ ಹೇಳಿ ಎಂದು ಆಕೆ ದಿನವೂ ಬಂದು ಅವರ ಬಾಗಿಲಲ್ಲಿ ನಿಂತಳು. ತಡೆಯಲಾರದೆ ಬಿಕಲ್ ಮತ್ತು ಅವರ ಜೊತೆಯವರು, ಆ ಒಂದು ವಸ್ತುವನ್ನು ಬಹಳ ಮಟ್ಟಿಗೆ ತೆಗೆದುಹಾಕಿದ ಆಹಾರವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಸುಮ್ಮನೆ ಅಳುತ್ತ ಬಿದ್ದಿರುತ್ತಿದ್ದ ಮಗು ತೆವಳಿತು, ಎದ್ದು ನಿಂತಿತು. ಇದು ಆಹಾರದ ಗುಣವೇ ಎಂದು ಲೋಕಕ್ಕೆ ತೋರಿಸಬೇಕಾಗಿ, ತಾಯಿಗೂ ಹೇಳದೆ, ತೆಗೆದ ವಸ್ತುವನ್ನು ಮತ್ತೆ ಸೇರಿಸಿದರು. ಮಗು ಕೆಲವೇ ದಿನಗಳಲ್ಲಿ ಹಿಂದಿನ ಸ್ಥಿತಿಗೆ ಜಾರಿತು. ಸತ್ಯ ಸಿದ್ಧವಾಯಿತು, ಆದರೆ ಈ ಭಾಗವನ್ನು ಓದುವಾಗಲೆಲ್ಲ ನಮಗೆ ಕಸಿವಿಸಿಯಾಗುತ್ತದೆ. ಇವತ್ತು ಹಾಗೆ ಮಾಡಲು ಯಾವ ಆಸ್ಪತ್ರೆಯೂ ಒಪ್ಪದು, ಒಪ್ಪಲೂ ಬಾರದು.

ಆಹಾರ ಸಿಕ್ಕಿತು. ಆದರೆ ಮಿದುಳು ಕೆಡುವ ಮೊದಲೇ, ಎಂದರೆ ಹುಟ್ಟಿದ ಕೆಲವು ದಿನಗಳೊಳಗೆ, ರೋಗವನ್ನು ಕಂಡುಹಿಡಿಯುವುದು ಹೇಗೆ? ಮಗು ನೋಡಲು ಚೆನ್ನಾಗಿಯೇ ಇರುತ್ತದಲ್ಲ! ಇದಕ್ಕೆ ಉತ್ತರ ಕೊಟ್ಟವರು ಅಮೆರಿಕದ ಬಫೆಲೊ ನಗರದ ರಾಬರ್ಟ್ ಗಥ್ರಿ. ಅವರ ಒಬ್ಬ ಮಗನಿಗೇ ಬುದ್ಧಿಮಾಂದ್ಯವಿತ್ತು. ಹೆಂಡತಿಯ ಸೋದರಿಯ ಮಗಳಿಗೆ ಪಿ.ಕೆ.ಯು. ಇತ್ತು. ಶಿಶುವಿನ ಹಿಮ್ಮಡಿಯ ಪಕ್ಕಕ್ಕೆ ಸಣ್ಣದಾಗಿ ಚುಚ್ಚಿ, ಬಂದ ನೆತ್ತರಿನ ಹನಿಯನ್ನು ಒತ್ತುಕಾಗದದಂತಹ ದಪ್ಪ ಕಾಗದದ ಮೇಲೆ ಇಳಿಸಿ, ಒಣಗಿಸಿ, ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಟ್ಟರೆ ಸಾಕು, ದೂರದ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಬಹುದೆಂದು ಅವರು 1963ರಲ್ಲಿ ಪ್ರಕಟಿಸಿದರು. ಸೀಸೆ ಬೇಡ, ಮಂಜುಗಡ್ಡೆ ಬೇಡ. ಬಡದೇಶಗಳಿಗೂ ಒಗ್ಗುವಂತಹ ಉಪಾಯ ಇದಕ್ಕಿಂತ ಬೇರೆ ಇರಲಾರದು. ಆದರೂ ಆ ಕಾಗದ ನಮ್ಮ ದೇಶವನ್ನು ಮುಟ್ಟಲು ಬಹಳ ವರ್ಷ ಹಿಡಿಯಿತು. ನಮ್ಮಲ್ಲಿ ವಾಂತಿಭೇದಿ, ಧನುರ್ವಾಯು, ದಡಾರಗಳಿಗೇ ಸಾವಿರಾರು ಮಕ್ಕಳು ಹೋಗುತ್ತಿದ್ದಾಗ ಇಂತಹ ವಿರಳ ರೋಗಗಳ ಗೊಡವೆ ಯಾರಿಗೆ ಬೇಕಿತ್ತು?

ಬೇಕೆಂದವರು ಬೆಂಗಳೂರಿನಲ್ಲಿದ್ದರು. ನಾವು ಟಾಟಾ ಇನ್ಸ್‌ಟಿಟ್ಯೂಟ್ ಎಂದು ಬಾಯಿಮಾತಿನಲ್ಲಿ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಎನ್. ಅಪ್ಪಾಜಿ ರಾವ್ ಅವರು ಪ್ರಾಧ್ಯಾಪಕರಾಗಿದ್ದರು. ಕಿಣ್ವಗಳೇ ಅವರ ಜೀವಮಾನದ ಅಭ್ಯಾಸ. ಅವರೊಡನೆ ಡಾ. ಎ. ರಾಧಾ ರಮಾ ದೇವಿ, ಅದೇ ವಿಭಾಗದ ಎಚ್. ಎಸ್. ಸಾವಿತ್ರಿ, ಲಂಡನ್ನಿನಿಂದ ಬಂದು ಹೋಗಿ ಮಾಡುತ್ತಿದ್ದ ಅಲನ್ ಬಿಟಲ್ಸ್ ಮೊದಲಾದವರು ಕೂಡಿಕೊಂಡರು. 1980ರಿಂದ ಮುಂದಕ್ಕೆ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ಹಿಮ್ಮಡಿಯಿಂದ ಹನಿ ನೆತ್ತರನ್ನು ತೆಗೆದು ಪರೀಕ್ಷಿಸುವ ಕೆಲಸ ನಡೆಯಿತು. ಭಾರತದಲ್ಲಿ ಈ ಗಾತ್ರದಲ್ಲಿ ನಡೆದ ಮೊದಲನೆಯ ಪ್ರಯತ್ನ ಇದೇ. ಕೊನೆಯ ಹೊತ್ತಿಗೆ ಒಂದು ಲಕ್ಷಕ್ಕೂ ಮೇಲ್ಪಟ್ಟು ಶಿಶುಗಳ ಪರೀಕ್ಷೆ ಆಗಿತ್ತು.

ಒಂದು ಲಕ್ಷವೆನ್ನುವುದು ಹೇಳುವುದಕ್ಕೆ ಸುಲಭ. ಈಗಿನಂತೆ ಒಂದೇ ಯಂತ್ರ ಒಂದು ಚುಕ್ಕೆಯಿಂದ ಹತ್ತಾರು ರೋಗಗಳನ್ನು ಕೆಲವೇ ನಿಮಿಷಗಳಲ್ಲಿ ಹೇಳುವ ಕಾಲವಲ್ಲ ಅದು. ನೆತ್ತರಿನ ಚುಕ್ಕೆಯನ್ನು ಕತ್ತರಿಸಿ, ಅದರ ಸಾರವನ್ನು ತೆಗೆದು, ತೆಳುವಾದ ಲೇಪವಿರುವ ಹಲಗೆಯ ಅಂಚಿಗೆ ಇಟ್ಟು, ದ್ರಾವಣವನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಬೇಕು. ಒದ್ದೆ ಬಟ್ಟೆಗೆ ಬಿದ್ದ ಶಾಯಿ ಬಣ್ಣ ಬಣ್ಣವಾಗಿ ಹರಡಿಕೊಳ್ಳುವುದನ್ನು ನೀವು ನೋಡಿರಬಹುದು. ಹಾಗೆಯೇ ನೆತ್ತರಿನ ಒಂದೊಂದು ಅಮೈನೋ ಆಮ್ಲವೂ ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ. ಮೇಲೆ ನಿನ್‌ಹೈಡ್ರಿನ್ ಎಂಬ ಔಷಧವನ್ನು ಸಿಂಪಡಿಸಿ ಕಾಯಿಸಿದರೆ ನೇರಳೆಯ ಚುಕ್ಕೆಗಳು ಮೂಡುತ್ತವೆ. ಯಾವ ಚುಕ್ಕೆ ಎಲ್ಲರದಕ್ಕಿಂತ ದಟ್ಟವಾಗಿದೆಯೆಂದು ಕಣ್ಣಿನಿಂದಲೇ ನೋಡಬೇಕು. ಅನುಮಾನ ಬಂದರೆ ಮನೆಯನ್ನು ಹುಡುಕಿಕೊಂಡು ಹೋಗಿ ಎರಡನೆಯ ಸಲ ನೆತ್ತರು ತರಬೇಕು. ಹೆರಿಗೆಗೆ ತವರಿಗೆ ಬಂದ ಹೆಂಗಸು ಕೆಲವು ದಿನಗಳಲ್ಲೇ ಆಸ್ಪತ್ರೆ ಬಿಟ್ಟು ಹಳ್ಳಿಗೆ ಹೋಗಿರುತ್ತಾಳೆ. ವಿಳಾಸವೆಂದರೆ ಗಂಡನ ಹೆಸರು, ಊರ ಹೆಸರು, ಅಷ್ಟೆ. ಇಂತಹ ಕೆಲಸದ ಬೆಲೆಯನ್ನು ಅದರ ಲೇಖನದ ಉದ್ದದಿಂದ ಅಳೆಯಲಾಗದು.

ಫಲಿತಾಂಶದ ಲೇಖನಗಳು 1980ರ ದಶಕದಲ್ಲಿ ಒಂದೊಂದಾಗಿ ಹೊರಬಂದವು. ಅಮೈನೋ ಆಮ್ಲಗಳ ದೋಷಗಳನ್ನು ಕುರಿತದ್ದು 1988ರಲ್ಲಿ ಕ್ಲಿನಿಕಲ್ ಜೆನೆಟಿಕ್ಸ್ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಇಂತಹ ರೋಗಗಳು ಬಿಳಿಯರ ದೇಶದವು, ನಮ್ಮಲ್ಲಿಲ್ಲ, ಎಂಬ ಮಾತಿಗೆ ಅಲ್ಲಿಗೆ ಆಧಾರ ತಪ್ಪಿತು. ಟೈರೊಸೀನ್ ಎಂಬುದು ಏರಿರುವ ಶಿಶುಗಳು ಕಂಡವು. ಇವುಗಳಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಬಂದು ತಾನಾಗಿಯೇ ಇಳಿಯುವ ಏರಿಕೆಯೂ ಒಂದು ಬಗೆ, ಅದಕ್ಕೆ ಹೆದರಬೇಕಾಗಿಲ್ಲ. ಪಿ.ಕೆ.ಯು. ಕಂಡಿತು. ಇನ್ನೂ ಒಂದು ಕಂಡಿತು. ಅದರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದು ನೇರವಾಗಿ ನಮ್ಮ ಬಾಣಂತಿಯ ಕೋಣೆಗೆ ಬರುತ್ತದೆ.

1954ರಲ್ಲಿ ಅಮೆರಿಕದ ಜಾನ್ ಮೆಂಕೆಸ್ ಎಂಬ ವೈದ್ಯರು ಒಂದೇ ಮನೆಯ ನಾಲ್ಕು ಶಿಶುಗಳು ಒಂದರ ಹಿಂದೊಂದು ಹುಟ್ಟಿದ ಕೆಲವೇ ವಾರಗಳಲ್ಲಿ ತೀರಿಕೊಂಡದ್ದನ್ನು ವರ್ಣಿಸಿದರು. ಆ ಮಕ್ಕಳ ಮೂತ್ರಕ್ಕೆ, ಅಲ್ಲಿ ಮರದ ರಸದಿಂದ ಕಾಯಿಸುವ ಮೇಪಲ್ ಎಂಬ ಪಾಕದ ವಾಸನೆಯಿತ್ತು. ರೋಗಕ್ಕೂ ಅದೇ ಹೆಸರು ನಿಂತಿತು. ಆ ಪಾಕವನ್ನು ನಮ್ಮಲ್ಲಿ ಕಂಡವರು ಕಡಮೆ. ಸೀದ ಸಕ್ಕರೆಯ ವಾಸನೆ ಎನ್ನಬಹುದು. ಅದಕ್ಕಿಂತ ಸರಿಯಾಗಿ ಹೇಳಬೇಕಾದರೆ ಹುರಿದ ಮೆಂತ್ಯದ ವಾಸನೆ. ಇದು ಬರಿಯ ಉಪಮಾನವಲ್ಲ. ಮೆಂತ್ಯದಲ್ಲಿ ಆ ಘಮವನ್ನು ಕೊಡುವ ಸೊಟೊಲೋನ್ ಎಂಬ ವಸ್ತುವೇ ಈ ರೋಗದ ಮಕ್ಕಳ ಮೂತ್ರದಲ್ಲಿಯೂ ಕಿವಿಯ ಗುಗ್ಗೆಯಲ್ಲಿಯೂ ಇರುತ್ತದೆ. ಬಾಣಂತಿಗೆ ನಾವು ಮೆಂತ್ಯದ ಹಿಟ್ಟು ಕೊಡುತ್ತೇವೆ, ಇಲ್ಲಿಯವರು ಮೆಂತ್ಯದ ಲಾಡು ಕೊಡುತ್ತಾರೆ. ಹೆರಿಗೆಗೆ ಮೊದಲು ತಾಯಿ ಮೆಂತ್ಯವನ್ನು ಹೆಚ್ಚಾಗಿ ತಿಂದಿದ್ದರೆ ಪೂರ್ಣ ಆರೋಗ್ಯವಾಗಿರುವ ಶಿಶುವಿಗೂ ಆ ವಾಸನೆ ಬಂದು ಪರದೇಶದ ವೈದ್ಯರು ಗಾಬರಿಗೊಂಡ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿವೆ. ನಮ್ಮ ಮನೆಗಳಲ್ಲಿ ಅಪಾಯ ಇದಕ್ಕೆ ತಿರುಗುಮುರುಗು. ವಾಸನೆ ಮೂಗಿಗೆ ಬಡಿದರೂ ಅದು ಮೆಂತ್ಯದ್ದೇ ಎಂದು ಅಜ್ಜಿ ನಿಶ್ಚಿಂತಳಾಗಿರುತ್ತಾಳೆ. ಅಜ್ಜಿಯ ತಪ್ಪಲ್ಲ. ಮಗು ಹಾಲು ಕುಡಿದು ಲವಲವಿಕೆಯಿಂದಿದ್ದರೆ ಅದು ಮೆಂತ್ಯವೇ. ಹಾಲು ಬಿಟ್ಟು ಜೋಲು ಬಿದ್ದಿದ್ದರೆ ಮೆಂತ್ಯವಲ್ಲ. ಆ ಗಳಿಗೆಯೇ ಆಸ್ಪತ್ರೆಗೆ ಓಡಬೇಕು.

ಇನ್ನು ದಿನಗಳ ಲೆಕ್ಕ. ಇಂತಹ ಎಷ್ಟೋ ಶಿಶುಗಳು ಹುಟ್ಟುವಾಗ ದುಂಡಗೆ ಚೆನ್ನಾಗಿರುತ್ತವೆ. ಗರ್ಭದಲ್ಲಿರುವಷ್ಟು ದಿನ ಅವುಗಳ ಕಸವನ್ನು ತಾಯಿಯ ಶರೀರವೇ ಹೊರಹಾಕುತ್ತಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿ, ಹಾಲು ಹೊಟ್ಟೆಗೆ ಹೋಗಲಾರಂಭಿಸಿದ ಮೇಲೆ ಕಸ ಗುಡ್ಡೆ ಬೀಳತೊಡಗುತ್ತದೆ. ಮೂರನೆಯ ದಿನ, ನಾಲ್ಕನೆಯ ದಿನ, ಐದನೆಯ ದಿನ ಮಗು ಹಾಲು ಬಿಡುತ್ತದೆ, ಕೈಕಾಲು ಸೆಟೆಯುತ್ತದೆ. ಐದನೆಯ ರಾತ್ರಿ ಸಟವಿ ಬಂದು ಹಣೆಯ ಮೇಲೆ ಬರೆಯುತ್ತಾಳೆಂದು ಉತ್ತರ ಕರ್ನಾಟಕದ ತಾಯಂದಿರು ಹೇಳುವುದುಂಟು. ಇಲ್ಲಿಯ ಮರಾಠಿಯವರಿಗೂ ಸಟವಾಯಿ ಗೊತ್ತು. ಬಾಲಗ್ರಹ ಎಂಬ ಮಾತು ಕನ್ನಡದ ಎಲ್ಲ ಕಡೆಯೂ ಇದೆ. ಈ ಹೆಸರುಗಳ ಮರೆಯಲ್ಲಿ ಸಂದುಹೋದ ಶಿಶುಗಳಲ್ಲಿ ಬಹುಪಾಲು ನಂಜು, ಧನುರ್ವಾಯುಗಳಿಂದಲೇ ಹೋಗಿರಬೇಕು. ಒಂದಷ್ಟು ಮಾತ್ರ ನಾವು ಈಗ ಹೇಳುತ್ತಿರುವ ರೋಗಗಳಿಂದ ಹೋದವೆಂಬುದರಲ್ಲಿ ಸಂದೇಹವಿಲ್ಲ. ಒಂದೇ ತಾಯಿಗೆ ಎರಡು ಮೂರು ಶಿಶುಗಳು ಒಂದೇ ರೀತಿಯಲ್ಲಿ ಹೋದರೆ ಆ ಸೊಸೆಯ ಕಾಲ್ಗುಣ ಸರಿಯಿಲ್ಲವೆಂದರು. ಅವಳ ಹಾಲು ಕೆಟ್ಟದ್ದೆಂದರು.

ಸತ್ಯ ಹೀಗಿದೆ. ಪ್ರತಿಯೊಂದು ಕಿಣ್ವದ ಸೂತ್ರವೂ ನಮ್ಮಲ್ಲಿ ಜೋಡಿಯಾಗಿ ಇರುತ್ತದೆ, ಒಂದು ತಂದೆಯ ಕಡೆಯದು, ಒಂದು ತಾಯಿಯ ಕಡೆಯದು. ಒಂದು ಕೆಟ್ಟಿದ್ದರೂ ಇನ್ನೊಂದು ಸಂಸಾರವನ್ನು ತೂಗಿಸುತ್ತದೆ; ಅಂಥವರಿಗೆ ರೋಗವಿಲ್ಲ, ತಮ್ಮಲ್ಲಿ ಕೆಟ್ಟ ಸೂತ್ರವಿದೆಯೆಂಬುದೂ ತಿಳಿಯದು. ಈ ಜಾತಿಯ ರೋಗಗಳಲ್ಲಿ ಬಹುತೇಕ ಎಲ್ಲವೂ ಬರುವುದು ಗಂಡನಲ್ಲಿ ಒಂದು, ಹೆಂಡತಿಯಲ್ಲಿ ಒಂದು ಕೆಟ್ಟ ಸೂತ್ರವಿದ್ದು, ಮಗುವಿಗೆ ಎರಡೂ ಕೂಡಿಬಂದಾಗ ಮಾತ್ರ. ಪ್ರತಿಯೊಂದು ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಆ ಸಂಭವ. ಒಂದು ಮಗು ಹೋಯಿತು, ಮುಂದಿನ ಮೂರಕ್ಕೆ ಭಯವಿಲ್ಲ ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಹೊಸದಾಗಿ ನಾಲ್ಕರಲ್ಲೊಂದೇ. ಆದ್ದರಿಂದ ದೋಷವನ್ನು ಹಂಚುವುದಾದರೆ ಗಂಡನ ಮನೆಗೆ ಸರಿಯಾಗಿ ಅರ್ಧ ಪಾಲು ಬರುತ್ತದೆ. ಗಂಡಸರು ಈ ವಾಕ್ಯವನ್ನು ಮನೆಗೆ ಹೋಗಿ ತಮ್ಮ ತಾಯಂದಿರಿಗೆ ಹೇಳಬೇಕು. ನಾವು ಹೇಳುವುದಕ್ಕಿಂತ ಅದು ಹೆಚ್ಚು ನಾಟೀತು.

ಬೆಂಗಳೂರಿನವರು ನೆತ್ತರಿನ ಹನಿಯೊಡನೆ ಇನ್ನೊಂದು ಪ್ರಶ್ನೆಯ ಉತ್ತರವನ್ನೂ ಕೂಡಿಹಾಕಿದರು: ನೀವಿಬ್ಬರೂ ಮದುವೆಗೆ ಮೊದಲು ನೆಂಟರೇ? ಬೆಂಗಳೂರು ಮೈಸೂರುಗಳ ಆ ಆಸ್ಪತ್ರೆಗಳಲ್ಲಿ ಹೆತ್ತ ತಾಯಂದಿರಲ್ಲಿ ಮೂರರಲ್ಲೊಬ್ಬರಷ್ಟು ಮಂದಿ ಹೌದೆಂದರು. ಸೋದರಮಾವನನ್ನೇ ಮದುವೆಯಾದವರೂ ಅವರಲ್ಲಿ ಬಹಳ ಮಂದಿ. 1955ರ ಹಿಂದೂ ವಿವಾಹ ಕಾಯಿದೆ ಇಂತಹ ಮದುವೆಯನ್ನು ನಿಷೇಧಿಸಿ, ರೂಢಿಯಿದ್ದಲ್ಲಿ ಮಾತ್ರ ಬಿಟ್ಟುಕೊಟ್ಟಿದೆ, ನಮ್ಮಲ್ಲಿ ರೂಢಿಯಿದೆ. ಅಕ್ಕನ ಮಗಳ ಮೇಲೆ ತಮ್ಮನಿಗೆ ಹಕ್ಕೆಂದು ಎಷ್ಟು ಮನೆಗಳಲ್ಲಿ ಹೇಳಿಲ್ಲ! ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆಯವರು 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯ ಮೇಲೆ ದೊಡ್ಡ ಪುಸ್ತಕವೊಂದನ್ನು ಹೊರತಂದು, ಉತ್ತರದವರು ಮದುವೆಯಲ್ಲಿ ನೆಂಟರಿಂದ ದೂರ ಸರಿಯುತ್ತಾರೆ, ದಕ್ಷಿಣದವರು ನೆಂಟರ ಕಡೆಗೇ ಬರುತ್ತಾರೆ, ಮಹಾರಾಷ್ಟ್ರ ನಡುವೆ ನಿಂತಿದೆ ಎಂದು ವಿವರಿಸಿದ್ದಾರೆ. ಮಾವನ ಮಗಳನ್ನು ತಂದುಕೊಳ್ಳುವುದು ಇಲ್ಲಿಯ ಅನೇಕ ಜಾತಿಗಳಿಗೆ ಒಪ್ಪಿಗೆ. ಅಕ್ಕನ ಮಗಳೆಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ನೆರೆಮನೆಯ ಮರಾಠಿ ಹೆಂಗಸು, ನಿಮ್ಮ ಯಜಮಾನರು ನಿಮಗೆ ಮಾಮಾ ಆಗಬೇಕೇ ಎಂದು ಬೆರಗಾದುದನ್ನು ಈ ಸಭೆಯಲ್ಲಿ ಅನುಭವಿಸಿದವರಿರಬಹುದು.

ಗೋತ್ರ ನೋಡಿಯೇ ಮಾಡಿದ್ದೇವಲ್ಲ ಎನ್ನುತ್ತಾರೆ ಕೆಲವರು. ಗೋತ್ರ ತಂದೆಯ ಕಡೆಯಿಂದ ಮಾತ್ರ ಬರುವುದು. ತಾಯಿಯ ತಮ್ಮನ ಗೋತ್ರ ಬೇರೆಯೇ. ಕರಾವಳಿಯ ಅಳಿಯಸಂತಾನದವರಲ್ಲಿ ಬಳಿ ತಾಯಿಯ ಕಡೆಯಿಂದ ಬರುತ್ತದೆ. ಅಲ್ಲಿ ಅಕ್ಕನ ಮಗಳು ಒಂದೇ ಬಳಿಯವಳಾದುದರಿಂದ ಕೂಡದು, ಮಾವನ ಮಗಳಾದರೆ ಆಗಬಹುದು. ಎರಡು ಏರ್ಪಾಡುಗಳೂ ಅರ್ಧ ನೆತ್ತರನ್ನಷ್ಟೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಪೂರ್ತಿ ಲೆಕ್ಕ ಹೀಗೆ. ಒಂದು ರೋಗದ ಕೆಟ್ಟ ಸೂತ್ರ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಇದೆಯೆಂದು ಊಹಿಸಿ. ಸಂಬಂಧವೇ ಇಲ್ಲದ ಗಂಡು ಹೆಣ್ಣು ಮದುವೆಯಾದರೆ ಮಗುವಿಗೆ ಆ ರೋಗ ಬರುವ ಸಂಭವ ಸುಮಾರು 40,000ಕ್ಕೆ ಒಂದು. ಮಾವನ ಮಗಳನ್ನೋ ಅತ್ತೆಯ ಮಗಳನ್ನೋ ಮದುವೆಯಾದರೆ ಸುಮಾರು 3,000ಕ್ಕೆ ಒಂದು. ಸೋದರಮಾವನಾದರೆ ಸುಮಾರು 1,500ಕ್ಕೆ ಒಂದು. ಹತ್ತಿರದ ನೆಂಟರಿಗೆ ಒಂದೇ ಅಜ್ಜ ಅಜ್ಜಿಯರಿಂದ ಒಂದೇ ಕೆಟ್ಟ ಸೂತ್ರ ಬಂದಿರುವ ಸಂಭವ ಹೆಚ್ಚಾದುದೇ ಇದಕ್ಕೆ ಕಾರಣ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. 1,500ಕ್ಕೆ ಒಂದು ಎಂದರೆ ಉಳಿದ 1,499 ಮಕ್ಕಳಿಗೆ ಆ ರೋಗವಿಲ್ಲ. ಬಿಟಲ್ಸ್ ಅವರು ಅನೇಕ ದೇಶಗಳ ಲೆಕ್ಕಗಳನ್ನು ಕೂಡಿಸಿ 1994ರಲ್ಲಿ ಹೇಳಿದ್ದು, ಒಡಹುಟ್ಟಿದವರ ಮಕ್ಕಳ ನಡುವಣ ಮದುವೆಯಿಂದ ಎಳವೆಯಲ್ಲೇ ಆಗುವ ಸಾವು ಇತರರಿಗಿಂತ ನೂರಕ್ಕೆ 4.4ರಷ್ಟು ಹೆಚ್ಚು ಎಂದು. ಚಿಕ್ಕ ಸಂಖ್ಯೆಯೇನಲ್ಲ, ಕುಲಕ್ಕೇ ಕುತ್ತೆಂದು ಕೂಗಾಡುವಷ್ಟು ದೊಡ್ಡದೂ ಅಲ್ಲ. ನೆಂಟರಲ್ಲದಿದ್ದರೂ ಒಂದೇ ಸಣ್ಣ ಪಂಗಡದೊಳಗೆ ತಲೆತಲಾಂತರದಿಂದ ಕೊಟ್ಟು ತಂದು ಮಾಡುವವರಲ್ಲಿಯೂ ಕೆಲವು ರೋಗಗಳು ಕೂಡಿಬರುತ್ತವೆ. ಒಳಸಂಬಂಧದಲ್ಲಿ ಮದುವೆಯಾಗಿ ಮಕ್ಕಳು ಮೊಮ್ಮಕ್ಕಳೊಡನೆ ಇಲ್ಲಿ ಕುಳಿತಿರುವ ಹಿರಿಯರು ತಲೆ ತಗ್ಗಿಸಬೇಕಾದ್ದು ಏನೂ ಇಲ್ಲ. ಇನ್ನು ಮುಂದೆ ಮದುವೆ ಗೊತ್ತುಮಾಡುವವರು ದೂರದ ಸಂಬಂಧ ಹುಡುಕಲಿ. ಆಗಿಹೋದವರು ವೈದ್ಯರ ಮುಂದೆ ಅದನ್ನು ಮುಚ್ಚಿಡದಿರಲಿ.

ಮುಚ್ಚಿಡುತ್ತಾರೆಂಬುದೇ ನಮ್ಮ ಚಿಂತೆ. ಊರಿನಲ್ಲಿದ್ದಾಗ ಯಾರ ಮನೆಯಲ್ಲಿ ಯಾವ ಮಗು ಹೇಗೆ ಹೋಯಿತೆಂಬುದು ಓಣಿಗೆಲ್ಲ ಗೊತ್ತಿರುತ್ತಿತ್ತು. ಪುಣೆಯ ಮೂರು ಕೋಣೆಯ ಮನೆಯಲ್ಲಿ ಅದನ್ನು ಬಲ್ಲವರಿಲ್ಲ. ಇಲ್ಲಿಯ ವೈದ್ಯರು, ಹಿಂದೆ ಮಕ್ಕಳು ಹೋದದ್ದುಂಟೇ ಎಂದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿದಾಗ ತರುಣ ದಂಪತಿಗಳು ಇಲ್ಲವೆಂದು ಬಿಡುತ್ತಾರೆ. ಸುಳ್ಳು ಹೇಳುವುದಿಲ್ಲ; ಅವರಿಗೆ ಯಾರೂ ಹೇಳಿಯೇ ಇಲ್ಲ.

ನಮ್ಮ ಪರಿಚಯದ ಮನೆಯೊಂದರಲ್ಲಿ ನಡೆದ ಮಾತು. ಮೊಮ್ಮಗಳು ಬಸುರಿಯಾದಾಗ, ಎಂಬತ್ತು ದಾಟಿದ ಅಜ್ಜಿ ಒಂದು ಮಧ್ಯಾಹ್ನ ತಾನಾಗಿಯೇ ಹೇಳತೊಡಗಿದರು. ವಿಜಾಪುರದ ಕಡೆಯವರು, ತಮ್ಮ ಸ್ವಂತ ಸೋದರಮಾವನ ಕೈಹಿಡಿದವರು. 1960ರ ದಶಕದಲ್ಲಿ ಅವರಿಗೆ ಮೂರು ಮಕ್ಕಳು ಹುಟ್ಟಿ ಹೋಗಿದ್ದವು. ಮೂರೂ ದುಂಡಗೆ ಹುಟ್ಟಿದವು, ಮೂರೂ ಮೊದಲ ವಾರದಲ್ಲಿ ಹಾಲು ಬಿಟ್ಟವು. ಯಾವ ತಿಂಗಳು, ಯಾವ ವಾರ, ಯಾವ ಹೊತ್ತು, ಎಲ್ಲವೂ ಅವರಿಗೆ ನೆನಪಿತ್ತು. ಆ ಮಕ್ಕಳನ್ನು ಕುರಿತು ಅವರು ಸ್ವಂತ ಸೊಸೆಯ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಇತ್ತ ಮೊಮ್ಮಗಳ ಗಂಡನೂ ಅದೇ ಬಳಗದವನು. ವೈದ್ಯರಿಗೆ ತಿಳಿಸಿದ್ದಾಯಿತು. ಮಗು ಹುಟ್ಟಿದ ಎರಡನೆಯ ದಿನ ಹಿಮ್ಮಡಿಯ ನೆತ್ತರು ತೆಗೆದು ಕಳಿಸಿದರು. ದೋಷವೇನೂ ಇಲ್ಲವೆಂದು ಉತ್ತರ ಬಂತು. ಆ ಕಾಗದದ ಚುಕ್ಕೆಗಳ ವಿಷಯವನ್ನು ನಾವು ಅಜ್ಜಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ: "ಆವಾಗ ಈ ಕಾಗದ ಇದ್ದಿದ್ದಿಲ್ಲೇನಪಾ?" ಇತ್ತು ಆಯಿ, ಭಾಳ ದೂರ ಇತ್ತು, ಎಂದೆವು.

ಈಗ ದೂರವಿಲ್ಲ. ಹಾಗೆಂದು ತಾನಾಗಿ ಬಾಗಿಲಿಗೂ ಬರುವುದಿಲ್ಲ. ಅಮೆರಿಕದಲ್ಲಿ ಪ್ರತಿಯೊಂದು ಸಂಸ್ಥಾನವೂ ಹುಟ್ಟಿದ ಶಿಶುಗಳಿಗೆಲ್ಲ ಈ ಪರೀಕ್ಷೆ ಮಾಡಿಸುತ್ತದೆ. ನಮ್ಮ ದೇಶದಲ್ಲಿ ಕೆಲವು ರಾಜ್ಯಗಳು ತಮ್ಮಷ್ಟಕ್ಕೆ ಪ್ರಯತ್ನಿಸಿವೆಯೇ ಹೊರತು ಎಲ್ಲರಿಗೂ ಕಡ್ಡಾಯವಾದ ಏರ್ಪಾಡಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಕೇಳಿದರೆ ಮಾಡುತ್ತಾರೆ, ಹಣ ತೆರಬೇಕು. ಹುಟ್ಟಿ ಒಂದು ದಿನ ಕಳೆದ ಮೇಲೆ, ಮೂರು ದಿನದೊಳಗೆ ಆಗುವುದು ಒಳ್ಳೆಯದು. ಹೆರಿಗೆಗೆ ಮೊದಲೇ ಕೇಳಿಡಬೇಕು. ನೋವು ತಿನ್ನುವಾಗ ಯಾರಿಗೂ ನೆನಪಿರುವುದಿಲ್ಲ.

ಪರೀಕ್ಷೆಯಿಂದ ಏನು ಪ್ರಯೋಜನ, ಹಣೆಬರಹ ತಿದ್ದುವುದುಂಟೇ ಎಂದು ಕೇಳುವವರಿಗೆ ಒಂದೆರಡು ಉದಾಹರಣೆ. ಡಾ. ರಾಧಾ ರಮಾ ದೇವಿಯವರು ಬೆಂಗಳೂರಿನ ಅನುಭವವನ್ನು ಮುಂದೆ ಹೈದರಾಬಾದಿಗೆ ಕೊಂಡೊಯ್ದು, 18,300 ಶಿಶುಗಳ ಪರೀಕ್ಷೆಯ ಫಲವನ್ನು 2004ರಲ್ಲಿ ಪ್ರಕಟಿಸಿದರು. ಥೈರಾಯ್ಡ್ ಗ್ರಂಥಿಯ ಹುಟ್ಟುಕೊರತೆ ಅಲ್ಲಿ ಸುಮಾರು 1,700ಕ್ಕೆ ಒಂದು ಮಗುವಿನಲ್ಲಿ ಕಂಡಿತು. ಗೊತ್ತಾಗದಿದ್ದರೆ ಮಗು ಮಂದವಾಗುತ್ತದೆ. ಗೊತ್ತಾದರೆ ಅಗ್ಗದ ಒಂದು ಮಾತ್ರೆಯನ್ನು ಪುಡಿಮಾಡಿ ದಿನವೂ ಕುಡಿಸಿದರಾಯಿತು. ಆ ಮಗು ಎಲ್ಲರಂತೆ ಶಾಲೆಗೆ ಹೋಗುತ್ತದೆ. ಇನ್ನೊಂದು ಗ್ಯಾಲಕ್ಟೊಸೀಮಿಯ. ಹಾಲಿನ ಸಕ್ಕರೆಯ ಒಂದು ಅಂಶ ಆ ಮಗುವಿಗೆ ವಿಷ. ತಾಯಿಯ ಹಾಲೂ ಹಾಲೇ. ಅಮೃತವೆಂದು ನಾವು ಕೊಂಡಾಡುವ ಎದೆಹಾಲನ್ನು ನಿಲ್ಲಿಸಬೇಕೆಂದು ವೈದ್ಯರು ಹೇಳಿದಾಗ ಮನೆಯವರು ಜಗಳಕ್ಕೆ ನಿಲ್ಲುವುದು ಸಹಜ. ಆದರೂ ನಿಲ್ಲಿಸಿ, ಹಾಲಿಲ್ಲದ ಆಹಾರ ಕೊಡದಿದ್ದರೆ ಮಗು ಉಳಿಯದು.

ಎಲ್ಲಕ್ಕೂ ಮದ್ದಿದೆಯೆಂದು ನಾವು ಹೇಳಲಾರೆವು. ಪಿ.ಕೆ.ಯು. ಮಗುವಿನ ವಿಶೇಷ ಆಹಾರ ಬಹಳ ದುಬಾರಿ, ಜೀವಮಾನವಿಡೀ ಬೇಕು. ಕೆಲವು ರೋಗಗಳಿಗೆ ಕಿಣ್ವವನ್ನೇ ತಯಾರಿಸಿ ಚುಚ್ಚುತ್ತಾರೆ. ಅದರ ಬೆಲೆ ಕೇಳಿದರೆ ಮಧ್ಯಮ ವರ್ಗದವರ ಎದೆಯೊಡೆಯುತ್ತದೆ. ಕೆಲವಕ್ಕೆ ಏನೂ ಇಲ್ಲ. ಕೇಂದ್ರ ಸರ್ಕಾರ 2021ರಲ್ಲಿ ವಿರಳ ರೋಗಗಳ ನೀತಿಯನ್ನು ಹೊರಡಿಸಿ, ಗೊತ್ತುಮಾಡಿದ ಆಸ್ಪತ್ರೆಗಳ ಮೂಲಕ ನೆರವು ಕೊಡುವ ಏರ್ಪಾಡು ಮಾಡಿತು. 2022ರಲ್ಲಿ ಆ ನೆರವಿನ ಮಿತಿಯನ್ನು ಒಬ್ಬ ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಿತು. ಆ ಆಸ್ಪತ್ರೆಗಳಲ್ಲಿ ನಮಗೆ ಹತ್ತಿರದ್ದು ಕೆ.ಇ.ಎಂ., ಆದರೆ ನಮ್ಮ ರಾಸ್ತಾ ಪೇಠೆಯ ಕೆ.ಇ.ಎಂ. ಅಲ್ಲ, ಮುಂಬಯಿಯ ಪರೇಲಿನದು. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಕೂಡಿ ಈ ಕೆಲಸವನ್ನು ನೋಡಿಕೊಳ್ಳುತ್ತವೆ. ಅಲ್ಲಿ ಕನ್ನಡದಲ್ಲಿಯೇ ಎಲ್ಲವನ್ನೂ ಹೇಳಿಕೊಳ್ಳಬಹುದು.

ಕೊನೆಯದಾಗಿ ಒಂದು ಕಹಿ ಮಾತು, ಹೇಳದೆ ವಿಧಿಯಿಲ್ಲ. ಮಗು ಕೈಮೀರಿತೆಂದು ವೈದ್ಯರು ಹೇಳಿದಾಗ, ದುಃಖದ ನಡುವೆಯೂ, ಅದರ ನಾಲ್ಕು ಹನಿ ನೆತ್ತರನ್ನು ಕಾಗದದ ಮೇಲೆ ತೆಗೆದಿಡಿ ಎಂದು ಕೇಳಿಕೊಳ್ಳಿ. ಎಷ್ಟೋ ಮನೆಯವರು ಆ ಗಳಿಗೆಯಲ್ಲಿ ಮಗುವಿಗೆ ಇನ್ನು ಚುಚ್ಚಬೇಡಿರೆಂದು ಬೇಡುತ್ತಾರೆ. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಆ ಕಾಗದವಿದ್ದರೆ ರೋಗದ ಹೆಸರು ಸಿಗುತ್ತದೆ. ಹೆಸರು ಸಿಕ್ಕರೆ ಮುಂದಿನ ಬಸುರಿನಲ್ಲಿ ಮೊದಲೇ ಪರೀಕ್ಷೆ ಮಾಡಿ, ಹುಟ್ಟಿದ ಗಳಿಗೆಯಿಂದಲೇ ಚಿಕಿತ್ಸೆಗೆ ಸಿದ್ಧರಾಗಬಹುದು. ಇಲ್ಲದಿದ್ದರೆ ಮತ್ತೆ ಐದನೆಯ ದಿನವನ್ನು ಕಾಯುತ್ತ ಕುಳಿತುಕೊಳ್ಳುವುದು.

ದೀಪಾವಳಿಗೂ ರಜೆಗೂ ಊರಿಗೆ ಹೋಗುವವರು ನಿಮ್ಮಲ್ಲಿ ಬಹಳ ಮಂದಿ. ಅಲ್ಲಿ ಅಜ್ಜಿ, ದೊಡ್ಡಮ್ಮ, ಸೋದರತ್ತೆಯರು ಬಿಡುವಾಗಿರುವ ಹೊತ್ತು ನೋಡಿ, ಗಂಡಸರು ಎದ್ದು ಹೋದ ಮೇಲೆ, ಮೆಲ್ಲಗೆ ಕೇಳಿ: ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದವು, ಹೋದವು ಎಷ್ಟನೆಯ ದಿನಕ್ಕೆ ಹೋದವು, ಹೇಗೆ ಹೋದವು. ಬರೆದಿಟ್ಟುಕೊಳ್ಳಿ. ಬರೆದುಕೊಳ್ಳಲು ಅನುಕೂಲವಾಗಲೆಂದು ವಂಶವೃಕ್ಷದ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚುಮಾಡಿಸಿ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಅದನ್ನು ಸಂಘಕ್ಕೆ ಹಿಂದಿರುಗಿಸಬೇಕಾಗಿಲ್ಲ. ನಿಮ್ಮ ಮನೆಯಲ್ಲಿಯೇ ಇರಲಿ, ಮಗಳು ಸೊಸೆಯರ ಕೈಗೆ ಸಿಗುವಂತೆ. ತುಂಬಿದ ಮೇಲೆ ಕೇಳುವುದೇನಾದರೂ ಇದ್ದರೆ, ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಗ್ಗೆ ನಾವು ಸಂಘದ ವಾಚನಾಲಯದಲ್ಲಿ ಕುಳಿತಿರುತ್ತೇವೆ.